ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿದರೂ ಮನೆ ಯಾಕೆ ಹಿತವಾಗಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಗೋಡೆಯ ಮೇಲಿನ ಡಬ್ಬಿ 22 ಡಿಗ್ರಿ ತೋರಿಸುತ್ತಿರುತ್ತದೆ. ಕಿಟಕಿ ಪಕ್ಕ ಕೂತವರು ಶಾಲು ಹುಡುಕುತ್ತಿರುತ್ತಾರೆ. ಮಹಡಿಯ ಕೋಣೆಯಲ್ಲಿ ಮಲಗಿದವರು ಹೊದಿಕೆ ಒದ್ದು ಬಿಸಾಕಿರುತ್ತಾರೆ. ಇಷ್ಟು ದುಡ್ಡು ಕೊಟ್ಟು ತಂದದ್ದು ಕೆಟ್ಟುಹೋಯಿತಾ ಅಂತ ಅನುಮಾನ ಬರುವುದು ಸಹಜ. ಬಹಳ ಸಲ ಅದು ಕೆಟ್ಟಿರುವುದಿಲ್ಲ. ಅದರ ಕೈಲಾಗದ ಕೆಲಸವನ್ನು ನಾವು ಅದರ ತಲೆಗೆ ಕಟ್ಟಿರುತ್ತೇವೆ, ಅಷ್ಟೇ.

ಈ ಡಬ್ಬಿ ನಿಜಕ್ಕೂ ಮಾಡುವ ಕೆಲಸ ಏನು?

ಅದರೊಳಗಿರುವುದು ಒಂದು ಥರ್ಮಾಮೀಟರ್, ಒಂದು ಸ್ವಿಚ್. ತಾನಿರುವ ಜಾಗದ ಗಾಳಿ ಎಷ್ಟು ಬಿಸಿ ಇದೆ ಅಂತ ನೋಡುತ್ತದೆ. ನೀವು ಇಟ್ಟ ಡಿಗ್ರಿಗಿಂತ ಕೆಳಗಿದ್ದರೆ ಹೀಟರಿಗೆ ‘ಶುರು ಮಾಡು’ ಅನ್ನುತ್ತದೆ. ಅಲ್ಲಿಗೆ ಮುಟ್ಟಿದ ಮೇಲೆ ‘ಸಾಕು’ ಅನ್ನುತ್ತದೆ. ಎಸಿಗಾದರೆ ಇದೇ ಲೆಕ್ಕ ತಿರುಗುಮುರುಗು. ಬಿಸಿಯನ್ನಾಗಲಿ ತಂಪನ್ನಾಗಲಿ ಅದು ತಾನೇ ಹುಟ್ಟಿಸುವುದಿಲ್ಲ.

1883ರಲ್ಲಿ ಅಮೆರಿಕದ ವಾರನ್ ಜಾನ್ಸನ್ ಅನ್ನುವ ಮೇಷ್ಟ್ರು ಕೋಣೆಯಲ್ಲಿಡುವ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದರು. ತರಗತಿ ಬೆಚ್ಚಗಿದೆಯಾ ಅಂತ ನೋಡಲು ಜವಾನ ಆಗಾಗ ಒಳಗೆ ಬರುತ್ತಿದ್ದ, ಪಾಠ ಕೆಡುತ್ತಿತ್ತು. ಜಾನ್ಸನ್ ಸಾಧನ ಕೆಳಗಿನ ಬಾಯ್ಲರ್ ಕೋಣೆಯಲ್ಲಿ ಗಂಟೆ ಬಾರಿಸಿ ಅವನಿಗೆ ಸುದ್ದಿ ಮುಟ್ಟಿಸುತ್ತಿತ್ತು. 2011ರಲ್ಲಿ ನೆಸ್ಟ್ ಅನ್ನುವ ಅಮೆರಿಕದ ಕಂಪನಿಯ ಥರ್ಮೋಸ್ಟಾಟ್ ಬಂತು. ವೈಫೈ, ಫೋನ್ ಆ್ಯಪ್, ‘ಕಲಿಯುವ’ ಬುದ್ಧಿ ಎಲ್ಲ ಒಂದೇ ಬಿಲ್ಲೆಯೊಳಗೆ ಸೇರಿದವು. ಆದರೂ ಬುಡದಲ್ಲಿ ಇವತ್ತಿಗೂ ಅದು ಗಂಟೆ ಬಾರಿಸುವ ಸಾಧನವೇ. ಗಂಟೆ ಎಷ್ಟೇ ಜಾಣತನದಿಂದ ಬಾರಿಸಿದರೂ, ಬಾಯ್ಲರ್ ಸಣ್ಣದಾಗಿದ್ದರೆ, ಕಿಟಕಿ ಸಂದಿಯಲ್ಲಿ ಗಾಳಿ ನುಗ್ಗುತ್ತಿದ್ದರೆ, ಕೋಣೆ ಬೆಚ್ಚಗಾಗುವುದಿಲ್ಲ.

22 ಡಿಗ್ರಿ ತೋರಿಸುತ್ತಿದೆ. ಆದರೂ ನನಗೆ ಚಳಿ. ಯಾಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನೇ ಓದಿ.

ಸುಮ್ನೆ ಕೂತ ದೊಡ್ಡವರ ಮೈ ಸುಮಾರು 100 ವಾಟ್ ಶಾಖ ಹೊರಹಾಕುತ್ತಿರುತ್ತದೆ. ಹಳೇ ಕಾಲದ ಒಂದು ಬುರುಡೆ ಬಲ್ಬಿನಷ್ಟು. ಆ ಶಾಖ ಸರಿಯಾದ ವೇಗದಲ್ಲಿ ಹೊರಗೆ ಹೋಗುತ್ತಿದ್ದರೆ ಹಿತ. ಬೇಗ ಹೋದರೆ ಚಳಿ, ಹೋಗಲಾರದೆ ಉಳಿದರೆ ಸೆಕೆ. ಇದರಲ್ಲಿ ಒಂದು ಪಾಲು ಸುತ್ತಲಿನ ಗಾಳಿಗೆ ಹೋಗುತ್ತದೆ. ಹೆಚ್ಚುಕಡಿಮೆ ಅಷ್ಟೇ ದೊಡ್ಡ ಇನ್ನೊಂದು ಪಾಲು ಗಾಳಿಯನ್ನು ದಾಟಿ ನೇರವಾಗಿ ಗೋಡೆ, ಗಾಜು, ನೆಲ, ಸೂರಿಗೆ ಹೋಗುತ್ತದೆ. ಬೆಂಕಿಯ ಮುಂದೆ ಕೂತಾಗ ಮುಖ ಬಿಸಿಯಾಗುತ್ತದಲ್ಲ, ಅದೇ ದಾರಿ. ಇಲ್ಲಿ ಹರಿವು ಉಲ್ಟಾ. ಬೆಂಕಿ ನೀವು, ತಣ್ಣಗಿರುವುದು ಕಿಟಕಿ.

ಹೊರಗೆ 0 ಡಿಗ್ರಿ, ಒಳಗೆ 21 ಡಿಗ್ರಿ ಇದೆ ಅಂದುಕೊಳ್ಳಿ. ಒಂದೇ ಪದರದ ಗಾಜಿನ ಒಳಮೈ ಸುಮಾರು 5–6 ಡಿಗ್ರಿಗೆ ಇಳಿದಿರುತ್ತದೆ. ಸಾಧಾರಣ ಎರಡು ಪದರದ ಗಾಜಾದರೆ 13ರ ಆಸುಪಾಸು. ಅದರ ಪಕ್ಕ ಕೂತ ನಿಮ್ಮ ಮೈಯ ಆ ಕಡೆಯಿಂದ ಶಾಖ ಸೋರುತ್ತಲೇ ಇರುತ್ತದೆ. ಥರ್ಮೋಸ್ಟಾಟ್ ಇರುವುದು ಒಳಗೋಡೆಯ ಮೇಲೆ. ಅದು ನೋಡುವುದು ಗಾಳಿಯನ್ನು. ಕಿಟಕಿಯ ಸಂಗತಿ ಅದಕ್ಕೆ ಗೊತ್ತೇ ಇಲ್ಲ.

ಗಾಳಿಯ ಓಡಾಟ ಕಡಿಮೆ ಇರುವ ಕೋಣೆಯಲ್ಲಿ ಮೈಗೆ ತಟ್ಟುವ ತಾಪ ಅಂದರೆ ಹೆಚ್ಚುಕಡಿಮೆ ಗಾಳಿಯ ತಾಪ ಮತ್ತು ಸುತ್ತಲ ಗೋಡೆಗಳ ತಾಪ, ಈ ಎರಡರ ಸರಾಸರಿ. ಗಾಳಿ 22, ಗೋಡೆಗಳು 16 ಇದ್ದರೆ ನಿಮಗೆ ಅನಿಸುವುದು 19. ಡಬ್ಬಿಯೂ ಸರಿ, ನೀವೂ ಸರಿ. ಬೇಸಿಗೆಯಲ್ಲಿ ಇದೇ ಕಥೆ ತಲೆಕೆಳಗು. ಹಗಲೆಲ್ಲ ಕಾದ ತಾರಸಿ ರಾತ್ರಿಯಿಡೀ ಮೇಲಿಂದ ಶಾಖ ಚೆಲ್ಲುತ್ತಿರುತ್ತದೆ. ಎಸಿ 24 ಮುಟ್ಟಿದೆ ಅಂತ ನಿಂತುಬಿಡುತ್ತದೆ, ಹಾಸಿಗೆಯಲ್ಲಿ ಬಿದ್ದವರಿಗೆ ಮಾತ್ರ ನಿದ್ದೆ ಹತ್ತುವುದಿಲ್ಲ.

ಡೆನ್ಮಾರ್ಕಿನ ವಿಜ್ಞಾನಿ ಫ್ಯಾಂಗರ್ 1970ರಲ್ಲಿ ಈ ಹಿತದ ಲೆಕ್ಕವನ್ನು ಆರು ಸಂಗತಿಗಳ ಮೇಲೆ ಕಟ್ಟಿದರು. ಗಾಳಿಯ ತಾಪ, ಸುತ್ತಲ ಮೇಲ್ಮೈಗಳ ತಾಪ, ಗಾಳಿಯ ವೇಗ, ತೇವ, ಹಾಕಿದ ಬಟ್ಟೆ, ಮೈ ಮಾಡುತ್ತಿರುವ ಕೆಲಸ. ನಿಮ್ಮ ಥರ್ಮೋಸ್ಟಾಟಿಗೆ ಕಾಣುವುದು ಮೊದಲನೆಯದು. ಕೆಲವು ಮಾದರಿಗಳಿಗೆ ತೇವವೂ ಕಾಣುತ್ತದೆ. ಉಳಿದ ನಾಲ್ಕಕ್ಕೆ ಅದು ಕುರುಡು.

ಹಾಗಾದರೆ ಮನೆಯವರೆಲ್ಲ ಒಪ್ಪುವ ಒಂದು ಸಂಖ್ಯೆ ಇಲ್ಲವಾ?

ಇಲ್ಲ. ಫ್ಯಾಂಗರ್ ಲೆಕ್ಕದಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಕೂಡಿಬಂದಾಗಲೂ 100ರಲ್ಲಿ 5 ಜನ ಗೊಣಗುತ್ತಲೇ ಇರುತ್ತಾರೆ. ನಿಮ್ಮ ಮನೆಯಲ್ಲಿ ಆ ಐವರಲ್ಲಿ ಇಬ್ಬರು ಇರಬಹುದು. ಆ್ಯಪ್ ಅಪ್‌ಡೇಟ್ ಮಾಡಿದರೆ ಇದು ಸರಿಹೋಗುವುದಿಲ್ಲ. ಸ್ವೆಟರ್ ಸರಿಮಾಡಬಹುದು.

ಕೆಳಗಿನ ಹಾಲ್ ಚೆನ್ನಾಗಿದೆ, ಮಹಡಿಯ ಕೋಣೆ ಒಲೆಯಂತಿದೆ. ಥರ್ಮೋಸ್ಟಾಟ್ ಇದನ್ನು ಸರಿಮಾಡಲಾರದಾ?

ಒಂದು ಯಂತ್ರ, ಒಂದು ಡಬ್ಬಿ, ಐದಾರು ಕೋಣೆ. ಯಂತ್ರ ಓಡಿದರೆ ಎಲ್ಲ ಕೋಣೆಗೂ ಗಾಳಿ ಹೋಗುತ್ತದೆ, ನಿಂತರೆ ಎಲ್ಲಕ್ಕೂ ನಿಲ್ಲುತ್ತದೆ. ಯಾವ ಕೋಣೆಗೆ ಎಷ್ಟು ಅನ್ನುವುದು ಡಕ್ಟ್, ಅಂದರೆ ಗಾಳಿ ಸಾಗಿಸುವ ಕೊಳವೆ, ಹಾಕಿದ ದಿನವೇ ತೀರ್ಮಾನವಾಗಿರುತ್ತದೆ. ಬಿಸಿಗಾಳಿ ಹಗುರ, ಮೇಲಕ್ಕೆ ಏರುತ್ತದೆ. ಮೇಲಿನ ಕೋಣೆಗೆ ಸೂರಿನ ಕಾವು ಬೇರೆ. ಕೆಳಗಿನ ಹಾಲ್ ತಣ್ಣಗಾದ ಕೂಡಲೇ ಡಬ್ಬಿ ‘ಸಾಕು’ ಅನ್ನುತ್ತದೆ. ಮೇಲಿನವರ ಕೂಗು ಅದಕ್ಕೆ ಕೇಳಿಸುವುದಿಲ್ಲ.

ಇದಕ್ಕೆ ನಿಜವಾದ ಪರಿಹಾರ ಮನೆಯನ್ನು ವಲಯಗಳಾಗಿ ಒಡೆಯುವುದು. ಪ್ರತಿ ವಲಯಕ್ಕೂ ಬೇರೆ ಥರ್ಮೋಸ್ಟಾಟ್, ಡಕ್ಟಿನೊಳಗೆ ತೆರೆದು ಮುಚ್ಚುವ ಬಾಗಿಲು, ಇಲ್ಲವೇ ಮೇಲಿನ ಕೋಣೆಗೇ ಒಂದು ಪ್ರತ್ಯೇಕ ಯೂನಿಟ್. ಖರ್ಚು ಬರುತ್ತದೆ. ಅದಕ್ಕೆ ಮೊದಲು ಸೂರಿನ ಮೇಲೆ ಶಾಖ ತಡೆಯುವ ಪದರ ಸರಿಯಾಗಿದೆಯಾ ಅಂತ ನೋಡಿಸಿ.

ಪ್ರತಿ ಕೋಣೆಗೂ ಒಂದೊಂದು ಸೆನ್ಸರ್ ಇಟ್ಟರೆ?

ಸ್ವಲ್ಪ ಉಪಯೋಗ ಇದೆ, ಜಾಹೀರಾತು ಹೇಳುವಷ್ಟು ಇಲ್ಲ. ಹಾಲಿನ ಬದಲು ರಾತ್ರಿ ಮಲಗುವ ಕೋಣೆಯ ತಾಪ ನೋಡು ಅಂತ ಹೇಳಬಹುದು. ಅದು ಒಳ್ಳೆಯದೇ. ಆದರೆ ಸೆನ್ಸರ್ ಬರೀ ಕಣ್ಣು. ಕೈ ಅದೇ ಹಳೆಯ ಒಂದು ಸ್ವಿಚ್. ಮಲಗುವ ಕೋಣೆ 23ಕ್ಕೆ ಇಳಿಯುವ ತನಕ ಎಸಿ ಓಡಿದರೆ ಹಾಲ್ 20ಕ್ಕೆ ಇಳಿದಿರುತ್ತದೆ. ಎಲ್ಲ ಸೆನ್ಸರುಗಳ ಸರಾಸರಿ ತೆಗೆದುಕೊಂಡರೆ ಇನ್ನೊಂದು ತಮಾಷೆ. ಒಂದು ಕೋಣೆ 19, ಇನ್ನೊಂದು 27. ಸರಾಸರಿ 23. ಡಬ್ಬಿಗೆ ಪೂರ್ತಿ ಸಮಾಧಾನ, ಎರಡೂ ಕೋಣೆಯವರಿಗೆ ಸಂಕಟ.

ಡಕ್ಟಿನ ಗಾಳಿ ಕೋಣೆಗೆ ಬರುವ ಕಿಂಡಿಯೇ ವೆಂಟ್. ತಾನಾಗಿ ಮುಚ್ಚಿಕೊಳ್ಳುವ ‘ಸ್ಮಾರ್ಟ್ ವೆಂಟ್’ ಸಿಗುತ್ತವೆ. ಒಂದೆರಡು ಹಾಕಿದರೆ ತೊಂದರೆ ಇಲ್ಲ. ಜಾಸ್ತಿ ವೆಂಟ್ ಮುಚ್ಚಿದರೆ ಡಕ್ಟಿನಲ್ಲಿ ಒತ್ತಡ ಏರುತ್ತದೆ, ಫ್ಯಾನ್ ಏದುಸಿರು ಬಿಡುತ್ತದೆ, ಎಸಿ ಕಾಯಿಲ್ (ಗಾಳಿಯನ್ನು ತಣ್ಣಗೆ ಮಾಡುವ ಕೊಳವೆ ಸುರುಳಿ) ಮೇಲೆ ಮಂಜು ಕಟ್ಟಬಹುದು. ಯಂತ್ರ ಗೊತ್ತಿರುವವರನ್ನು ಕೇಳದೆ ಹಾಕಬೇಡಿ.

ಗೋಡೆಯ ಮೇಲೆ ಎಲ್ಲಿ ಹಾಕಬೇಕು?

ಒಳಗೋಡೆಯ ಮೇಲೆ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ. ನೀವು ಜಾಸ್ತಿ ಹೊತ್ತು ಇರುವ ಕೋಣೆ ಆದರೆ ಒಳ್ಳೆಯದು. ಬಿಸಿಲು ಬೀಳುವ ಜಾಗ, ಒಲೆಯ ಹತ್ತಿರ, ಹೊರಬಾಗಿಲ ಪಕ್ಕ, ಗಾಳಿ ಬರುವ ವೆಂಟಿನ ಎದುರು ಬೇಡ. ಟಿವಿಯ ಮೇಲೂ ಬೇಡ.

ಜನ ನೋಡದೇ ಬಿಡುವ ಒಂದು ಜಾಗ ಇದೆ. ಡಬ್ಬಿಯನ್ನು ಕಳಚಿ ಹಿಂದೆ ನೋಡಿ. ವೈರ್ ಬರಲು ಗೋಡೆಯಲ್ಲಿ ಒಂದು ತೂತು ಇರುತ್ತದೆ. ಗೋಡೆ ಟೊಳ್ಳಾಗಿದ್ದರೆ ಆ ತೂತಿನಿಂದ ಒಳಗಿನ ಗಾಳಿ ನೇರ ಸೆನ್ಸರ್ ಮೇಲೆ ಊದುತ್ತಿರುತ್ತದೆ. ಪಾಪ, ಅದು ಕೋಣೆಯ ತಾಪ ಅಳೆಯುತ್ತಿದ್ದೇನೆ ಅಂತ ಗೋಡೆಯ ಹೊಟ್ಟೆಯ ತಾಪ ಅಳೆಯುತ್ತಿರುತ್ತದೆ. ತೂತಿಗೆ ಸ್ವಲ್ಪ ಪುಟ್ಟಿ ತುಂಬಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಕಳಚುವ ಮೊದಲು ಕರೆಂಟ್ ಮಾತ್ರ ಆಫ್ ಮಾಡಿ.

ತಾಪ ಸರಿಯಾಗಿದೆ, ಆದರೆ ಮೈಯೆಲ್ಲ ಜಿಗುಟು. ಇದಕ್ಕೇನು?

ಅದು ತೇವದ ಕಾಟ. ಬೆವರು ಆರಿದರೆ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ. 24 ಡಿಗ್ರಿ, 50 ಶೇಕಡಾ ತೇವ ಇರುವ ಕೋಣೆ ಆರಾಮ. ಅದೇ 24 ಡಿಗ್ರಿ, 75 ಶೇಕಡಾ ತೇವ ಇದ್ದರೆ ಹಾಸಿಗೆಯ ಬಟ್ಟೆಯೂ ಒದ್ದೆ ಅನಿಸುತ್ತದೆ. ಬರೀ ಡಿಗ್ರಿ ನೋಡುವ ಡಬ್ಬಿಗೆ ಎರಡೂ ಒಂದೇ.

ಎಸಿ ಗಾಳಿಯ ನೀರನ್ನು ತೆಗೆಯುತ್ತದೆ ನಿಜ. ಆದರೆ ಅದಕ್ಕೆ ಹೊತ್ತು ಬೇಕು. ಮೊದಲು ಕಾಯಿಲ್ ತಣ್ಣಗಾಗಬೇಕು, ಆಮೇಲೆ ಅದರ ಮೇಲೆ ನೀರು ಹನಿಗಟ್ಟಬೇಕು, ಹನಿ ಕೂಡಿ ಕೆಳಗಿಳಿದು ಪೈಪಿನಲ್ಲಿ ಹೊರಗೆ ಹೋಗಬೇಕು. ‘ಇರಲಿ, ಸ್ವಲ್ಪ ದೊಡ್ಡದೇ ಹಾಕಿ’ ಅಂತ ಕೋಣೆಗೆ ಮೀರಿದ ಎಸಿ ಹಾಕಿಸಿದ್ದರೆ ಏನಾಗುತ್ತದೆ? ಏಳೆಂಟು ನಿಮಿಷದಲ್ಲಿ ಗಾಳಿ ತಣ್ಣಗಾಗುತ್ತದೆ, ಥರ್ಮೋಸ್ಟಾಟ್ ನಿಲ್ಲಿಸುತ್ತದೆ, ನೀರು ಹೊರಗೆ ಹೋಗುವ ಮೊದಲೇ ಆಟ ಮುಗಿದಿರುತ್ತದೆ. ಇನ್ನು ಎಸಿಯ ಫ್ಯಾನನ್ನು ‘ಆನ್’ನಲ್ಲೇ ಬಿಟ್ಟಿದ್ದರೆ ಕಾಯಿಲ್ ಮೇಲೆ ಕೂತ ನೀರೂ ಆವಿಯಾಗಿ ವಾಪಸ್ ಕೋಣೆಗೆ ಬರುತ್ತದೆ. ಸೆಖೆಗಾಲದಲ್ಲಿ ಫ್ಯಾನ್ ‘ಆಟೋ’ದಲ್ಲಿರಲಿ.

ಕೆಲವು ಥರ್ಮೋಸ್ಟಾಟುಗಳು ತೇವ ಇಳಿಸಲೆಂದು ನೀವು ಇಟ್ಟದ್ದಕ್ಕಿಂತ ಒಂದೆರಡು ಡಿಗ್ರಿ ಕೆಳಗೆ ತಂಪು ಮಾಡುತ್ತವೆ. ಜಿಗುಟು ಕಡಿಮೆಯಾಗುತ್ತದೆ, ಚಳಿ ಶುರುವಾಗುತ್ತದೆ. ತೇವ ವರ್ಷದಲ್ಲಿ ಬಹುಕಾಲ ಕಾಡುವ ಮನೆಯಾದರೆ ತೇವ ಹೀರುವ ಯಂತ್ರವನ್ನೇ ಬೇರೆಯಾಗಿ ಇಟ್ಟುಕೊಳ್ಳುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಬೇಗ ತಣ್ಣಗಾಗಲಿ ಅಂತ 16ಕ್ಕೆ ಇಟ್ಟರೆ?

ಆನ್ ಅಥವಾ ಆಫ್ ಎಂಬ ಎರಡೇ ಸ್ಥಿತಿ ಇರುವ ಯಂತ್ರವಾದರೆ ಒಂದು ನಿಮಿಷವೂ ಬೇಗ ಆಗುವುದಿಲ್ಲ. 24ಕ್ಕೆ ಇಟ್ಟರೂ, 16ಕ್ಕೆ ಇಟ್ಟರೂ ಅದು ಓಡುವುದು ಒಂದೇ ವೇಗದಲ್ಲಿ. ಬೇಕಾದಂತೆ ವೇಗ ಏರಿಸಿ ಇಳಿಸಿಕೊಳ್ಳುವ ಇನ್ವರ್ಟರ್ ಎಸಿಗಳು ಅಂತರ ಜಾಸ್ತಿ ಕಂಡರೆ ಸ್ವಲ್ಪ ಜೋರಾಗಿ ಓಡಬಹುದು. ಎರಡರಲ್ಲೂ ಕೊನೆಗೆ ಆಗುವುದು ಒಂದೇ. ನೀವು ಮರೆತು ಮಲಗಿರುತ್ತೀರಿ, ನಡುರಾತ್ರಿ ನಡುಗುತ್ತಾ ಎದ್ದು ರಿಮೋಟ್ ಹುಡುಕುತ್ತೀರಿ.

‘ನಿಮ್ಮ ಅಭ್ಯಾಸ ಕಲಿಯುತ್ತದೆ’ ಅಂತಾರಲ್ಲ?

ಕಲಿಯುತ್ತದೆ. ಏನನ್ನು ಅಂತ ಕೇಳಿ. ಯಾವ ಹೊತ್ತಿಗೆ ಯಾರೋ ಒಬ್ಬರು ಗುಂಡಿ ತಿರುಗಿಸಿದರು ಅನ್ನುವುದನ್ನು ಕಲಿಯುತ್ತದೆ. ಯಾಕೆ ತಿರುಗಿಸಿದರು ಅನ್ನುವುದು ಅದಕ್ಕೆ ತಿಳಿಯುವುದಿಲ್ಲ. ಜ್ವರ ಬಂದು ಏರಿಸಿದಿರಾ, ವ್ಯಾಯಾಮ ಮುಗಿಸಿ ಇಳಿಸಿದಿರಾ, ಇನ್ನೊಬ್ಬರ ಮೇಲಿನ ಸಿಟ್ಟಿಗೆ ಇಳಿಸಿದಿರಾ, ಎಲ್ಲವೂ ಅದರ ಪುಸ್ತಕದಲ್ಲಿ ‘ಅಭ್ಯಾಸ’ ಅಂತಲೇ ದಾಖಲು. ದಿನಚರಿ ಗಡಿಯಾರದಂತೆ ನಡೆಯುವ ಮನೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಪಾಳಿ ಬದಲಾಗುವ ಕೆಲಸದವರು, ಹಸುಗೂಸು ಇರುವವರು, ಏರಿಸುವವರೂ ಇಳಿಸುವವರೂ ಒಟ್ಟಿಗಿರುವ ಮನೆಯವರು ಕಲಿಕೆಯನ್ನು ಆಫ್ ಮಾಡಿ ತಾವೇ ವೇಳಾಪಟ್ಟಿ ಹಾಕುವುದು ನೆಮ್ಮದಿ.

ನಾನು ಮನೆಯಲ್ಲೇ ಇದ್ದರೂ ‘ಯಾರೂ ಇಲ್ಲ’ ಅಂತ ನಿಲ್ಲಿಸಿಬಿಡುತ್ತದೆ!

ಅದರ ಸೆನ್ಸರ್ ಗಮನಿಸುವುದು ಅಲುಗಾಟವನ್ನು, ಅದೂ ತನ್ನ ಎದುರಿನಲ್ಲಿ ಮಾತ್ರ. ಪಕ್ಕದ ಕೋಣೆಯಲ್ಲಿ ನೀವು ಮೂರು ಗಂಟೆ ಪುಸ್ತಕ ಓದುತ್ತಾ ಕೂತರೆ ಅದರ ಪಾಲಿಗೆ ಮನೆ ಖಾಲಿ. ಫೋನ್ ಎಲ್ಲಿದೆ ಅಂತ ನೋಡಿ ತಿಳಿಯುವ ವ್ಯವಸ್ಥೆಯೂ ಇದೆ. ಫೋನ್ ಹಿಡಿದವರು ಹೊರಗೆ ಹೋದರು, ಫೋನ್ ಇಲ್ಲದ ಅಜ್ಜಿ ಒಳಗೇ ಉಳಿದರು ಅಂದರೆ ಆಯಿತು ಕಥೆ. ವಯಸ್ಸಾದವರು, ಮಕ್ಕಳು, ಕಾಯಿಲೆಯವರು ಇರುವ ಮನೆಯಲ್ಲಿ ಈ ಎರಡನ್ನೂ ಆಫ್ ಮಾಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಹೀಟ್ ಪಂಪ್ ಅಥವಾ ನೆಲದಡಿಯ ಹೀಟಿಂಗ್ ಇದ್ದರೆ?

‘ರಾತ್ರಿ ಇಳಿಸಿ, ಬೆಳಿಗ್ಗೆ ಏರಿಸಿ’ ಅನ್ನುವ ಮಾಮೂಲಿ ಬುದ್ಧಿವಾದ ಇಲ್ಲಿ ತಿರುಗುಬಾಣ ಆಗಬಹುದು. ಹೀಟ್ ಪಂಪ್ ಅಂದರೆ ಹೊರಗಿನ ಶಾಖವನ್ನು ಎಳೆದು ಒಳಗೆ ತರುವ ಯಂತ್ರ. ಅದು ನಿಧಾನಸ್ಥ. ಬೆಳಿಗ್ಗೆ ಒಮ್ಮೆಲೇ 4 ಡಿಗ್ರಿ ಏರಿಸು ಅಂದರೆ ಹಲವು ವ್ಯವಸ್ಥೆಗಳಲ್ಲಿ ಸಹಾಯಕ್ಕೆ ಕರೆಂಟ್ ಹೀಟರ್ ಕೂಡಿಕೊಳ್ಳುತ್ತದೆ. ಹೀಟ್ ಪಂಪ್ 1 ಯೂನಿಟ್ ಕರೆಂಟಿಗೆ ಸಾಮಾನ್ಯವಾಗಿ 2ರಿಂದ 4 ಯೂನಿಟ್ ಶಾಖ ತರುತ್ತದೆ. ಆ ಹೀಟರ್ ಕೊಡುವುದು 1ಕ್ಕೆ 1. ರಾತ್ರಿ ಉಳಿಸಿದ್ದು ಬೆಳಿಗ್ಗೆಯೇ ಖರ್ಚಾಗುತ್ತದೆ. ಯಾವ ತಾಪದ ಮೇಲೆ ಆ ಹೀಟರ್ ಬರಬಾರದು ಅಂತ ಹೇಳುವ ಸೆಟ್ಟಿಂಗ್ ಇದ್ದರೆ ಹಾಕಿಸಿಕೊಳ್ಳಿ, ರಾತ್ರಿ ಒಂದೆರಡು ಡಿಗ್ರಿಗಿಂತ ಜಾಸ್ತಿ ಇಳಿಸಬೇಡಿ.

ನೆಲದಡಿಯ ಹೀಟಿಂಗಿನಲ್ಲಿ ದಪ್ಪ ಕಾಂಕ್ರೀಟ್ ಕಾಯಲು ಗಂಟೆಗಟ್ಟಲೆ ಬೇಕು, ಆರಲೂ ಅಷ್ಟೇ. ಡಬ್ಬಿ ‘ಸಾಕು’ ಅಂದ ಮೇಲೂ ನೆಲ ಶಾಖ ಕೊಡುತ್ತಲೇ ಇರುತ್ತದೆ. ಒಂದು ತಾಪಕ್ಕೆ ಇಟ್ಟು ಕೈ ಬಿಡಿ.

ಇನ್ವರ್ಟರ್ ಎಸಿಗೆ ರಿಮೋಟಿನಂತೆ ಕೆಲಸ ಮಾಡುವ ಸ್ಮಾರ್ಟ್ ಕಂಟ್ರೋಲರ್ ಹಾಕಬಹುದಾ?

ದೂರದಿಂದ ಆನ್ ಮಾಡಲು, ಟೈಮರ್ ಇಡಲು ಪರವಾಗಿಲ್ಲ. ತಾಪ ನೋಡಿ ಪದೇ ಪದೇ ಆನ್ ಆಫ್ ಮಾಡಿಸಲು ಬೇಡ. ಇನ್ವರ್ಟರ್ ಎಸಿಯ ಜಾಣತನ ಇರುವುದೇ ನಿಲ್ಲದೆ, ಮೆಲ್ಲಗೆ ಓಡುತ್ತಾ ತಾಪವನ್ನು ಹಿಡಿದಿಡುವುದರಲ್ಲಿ. ಅದರೊಳಗೆ ಅದರದೇ ಥರ್ಮೋಸ್ಟಾಟ್ ಇದೆ. ಹೊರಗಿನಿಂದ ಇನ್ನೊಂದು ಹಾಕಿದರೆ ಒಂದು ಗಾಡಿಗೆ ಇಬ್ಬರು ಡ್ರೈವರ್.

ಕರೆಂಟ್ ಬಿಲ್ ಆದರೂ ಇಳಿಯುತ್ತದಾ?

ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮದ ಅಂದಾಜಿನಲ್ಲಿ ಬಿಸಿ ಮತ್ತು ತಂಪಿನ ಖರ್ಚಿನಲ್ಲಿ ಸರಾಸರಿ ಸುಮಾರು 8 ಶೇಕಡಾ ಉಳಿತಾಯ. ಗಮನಿಸಿ, ಪೂರ್ತಿ ಬಿಲ್ಲಿನ 8 ಶೇಕಡಾ ಅಲ್ಲ. ಅದೂ ಸರಾಸರಿ. ಬಹುಪಾಲು ಉಳಿತಾಯ ಬರುವುದು ಮನೆ ಖಾಲಿ ಇದ್ದಾಗ, ಎಲ್ಲರೂ ಮಲಗಿದ್ದಾಗ. ಇಡೀ ದಿನ ಯಾರಾದರೂ ಇರುವ ಮನೆಯಲ್ಲಿ ಉಳಿಸಲು ಉಳಿದಿರುವುದು ನಿಮ್ಮ ಆರಾಮ ಒಂದೇ, ಅಲ್ವಾ? ‘ಎಕೋ’ ಅಂತ ಎಲೆ ಚಿತ್ರ ತೋರಿಸಿ ಡಬ್ಬಿ ಮಾಡುವುದು ಹಲವು ಸಲ ಅದನ್ನೇ.

ಸ್ಮಾರ್ಟ್ ಬರುವ ಮೊದಲಿನ, ವೇಳಾಪಟ್ಟಿ ಹಾಕುವ ಥರ್ಮೋಸ್ಟಾಟುಗಳಿಗೂ ಎನರ್ಜಿ ಸ್ಟಾರ್ ಗುರುತು ಇತ್ತು. 2009ರ ಕೊನೆಗೆ ಅದನ್ನು ನಿಲ್ಲಿಸಿದರು. ಯಂತ್ರ ಸರಿಯಾಗೇ ಇತ್ತು. ಜನ ಅದನ್ನು ಹೇಳಿದಂತೆ ಬಳಸುತ್ತಿದ್ದಾರೆ ಅನ್ನುವ ಭರವಸೆ ಉಳಿದಿರಲಿಲ್ಲ.

ಇಂಟರ್ನೆಟ್ ಹೋದರೆ? ಕಂಪನಿಯೇ ಕೈಬಿಟ್ಟರೆ?

ಇಂಟರ್ನೆಟ್ ಹೋದರೆ ಸಾಮಾನ್ಯವಾಗಿ ಫೋನಿನಿಂದ ಮುಟ್ಟಲು ಆಗುವುದಿಲ್ಲ, ಗೋಡೆಯ ಮೇಲೆ ಕೈಯಿಂದ ಮಾಡಬಹುದು. ಕೊಳ್ಳುವ ಮೊದಲೇ ಇದನ್ನು ಖಚಿತ ಮಾಡಿಕೊಳ್ಳಿ. ಸಾಫ್ಟ್‌ವೇರ್ ಎಡವಟ್ಟು ಬೇರೆ ಮಾತು. 2016ರ ಜನವರಿಯಲ್ಲಿ ಒಂದು ಅಪ್‌ಡೇಟ್ ದೋಷದಿಂದ ನೆಸ್ಟ್ ಥರ್ಮೋಸ್ಟಾಟುಗಳ ಬ್ಯಾಟರಿ ಬರಿದಾಗಿ, ಚಳಿಗಾಲದ ನಡುವೆ ಹಲವು ಮನೆಗಳ ಹೀಟರ್ ನಿಂತಿತ್ತು.

ಆಯುಷ್ಯವೂ ಯೋಚಿಸಬೇಕಾದದ್ದೇ. ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟಿನ ಮೊದಲ ಎರಡು ಪೀಳಿಗೆಗಳಿಗೆ, ನೆಸ್ಟನ್ನು ಕೊಂಡಿದ್ದ ಗೂಗಲ್ 2025ರ ಅಕ್ಟೋಬರಿನಲ್ಲಿ ಬೆಂಬಲ ನಿಲ್ಲಿಸಿತು. ಗೋಡೆಯ ಮೇಲೆ ಅವು ಕೆಲಸ ಮಾಡುತ್ತವೆ, ಆ್ಯಪಿನ ಸಂಬಂಧ ಮುಗಿಯಿತು.

ನಿಯಂತ್ರಣ ಯಾರ ಕೈಯಲ್ಲಿ ಅನ್ನುವ ಪ್ರಶ್ನೆಯೂ ಇದೆ. 2022ರ ಆಗಸ್ಟಿನಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಬಿರುಬಿಸಿಲಿನ ದಿನ ಸುಮಾರು 22,000 ಗ್ರಾಹಕರಿಗೆ ತಮ್ಮದೇ ಥರ್ಮೋಸ್ಟಾಟನ್ನು ಕೆಳಗಿಳಿಸಲು ಆಗಲಿಲ್ಲ. ವಿದ್ಯುತ್ ಕಂಪನಿಯ ಉಳಿತಾಯ ಯೋಜನೆಗೆ ಅವರೇ ಹೆಸರು ಕೊಟ್ಟಿದ್ದರು, ರಿಯಾಯಿತಿಯನ್ನೂ ಪಡೆದಿದ್ದರು. ತುರ್ತು ಸಂದರ್ಭದಲ್ಲಿ ಡಬ್ಬಿ ತಮ್ಮ ಮಾತು ಕೇಳದೆ ಹೋಗಬಹುದು ಅನ್ನುವುದು ಅನೇಕರಿಗೆ ಹೊಳೆದಿರಲಿಲ್ಲ. ರಿಯಾಯಿತಿ ಸಿಗುತ್ತದೆ ಅಂತ ಸಹಿ ಹಾಕುವ ಮೊದಲು ಷರತ್ತು ಓದಿ.

ಸಿ ವೈರ್ ಅಂದರೇನು? ಇಲ್ಲದಿದ್ದರೆ ನಡೆಯುತ್ತದಾ?

24 ವೋಲ್ಟಿನ ವ್ಯವಸ್ಥೆಯಲ್ಲಿ ಥರ್ಮೋಸ್ಟಾಟಿಗೆ ನಿರಂತರ ಕರೆಂಟ್ ಕೊಡುವ ವೈರ್. ಅದಿಲ್ಲದೆ ಕೆಲವು ಮಾದರಿಗಳು ಹೀಟರ್, ಎಸಿ ವೈರುಗಳಿಂದ ಚೂರುಚೂರು ಕರೆಂಟ್ ಕದ್ದು ಬದುಕುತ್ತವೆ. ಕೆಲವು ಮನೆಗಳಲ್ಲಿ ನಡೆಯುತ್ತದೆ, ಕೆಲವು ಕಡೆ ಹೀಟರ್ ತಾನಾಗಿ ಕಟಕಟ ಅನ್ನಲು ಶುರುಮಾಡುತ್ತದೆ. ವೈರ್ ಹಾಕಿಸಿ. ಗೋಡೆಯ ಹೀಟರ್ 120 ಅಥವಾ 240 ವೋಲ್ಟಿನದಾಗಿದ್ದರೆ ಈ ಬಗೆಯ ಥರ್ಮೋಸ್ಟಾಟ್ ಹಾಕಲೇಬಾರದು, ಅದಕ್ಕೆಂದೇ ಮಾಡಿದ್ದು ಬೇರೆ ಸಿಗುತ್ತದೆ.

ದುಡ್ಡು ಇಷ್ಟೇ ಇದೆ. ಮೊದಲು ಯಾವುದಕ್ಕೆ ಹಾಕಲಿ?

ಮೊದಲು ಫಿಲ್ಟರ್ ನೋಡಿ. ಧೂಳು ಕಟ್ಟಿದ ಫಿಲ್ಟರಿನ ಹಿಂದೆ ಎಂಥ ಜಾಣ ಡಬ್ಬಿಯೂ ಸೋಲುತ್ತದೆ. ಆಮೇಲೆ ಬಾಗಿಲು ಕಿಟಕಿಗಳ ಸಂದಿ. ಅದಾದ ಮೇಲೆ ಸೂರು. ಡಕ್ಟ್ ಇರುವ ಮನೆಯಾದರೆ ಅದರ ಸೋರಿಕೆ. ಸಾಮಾನ್ಯ ಮನೆಗಳ ಡಕ್ಟುಗಳಲ್ಲಿ ಓಡುವ ಗಾಳಿಯಲ್ಲಿ 20ರಿಂದ 30 ಶೇಕಡಾ ದಾರಿಯಲ್ಲೇ ಸೋರಿಹೋಗುತ್ತದೆ ಅಂತ ಅದೇ ಎನರ್ಜಿ ಸ್ಟಾರ್ ಹೇಳುತ್ತದೆ. ತಂಪಿಗೆ ಕೊಟ್ಟ ದುಡ್ಡು ಅಟ್ಟವನ್ನು ತಣ್ಣಗಿಡುತ್ತಿದೆ ಅಂತಾಯಿತು.

ಬಿಸಿಲು ಬೀಳುವ ಗಾಜಿಗೆ ಹೊರಗಿನಿಂದ ನೆರಳು ಮಾಡಿ. ಒಳಗಿನ ಪರದೆಗಿಂತ ಅದು ಮೇಲು, ಕಾವು ಗಾಜು ದಾಟುವ ಮೊದಲೇ ತಡೆಯುತ್ತದೆ. ಸೀಲಿಂಗ್ ಫ್ಯಾನನ್ನು ಮರೆಯಬೇಡಿ. ಗಾಳಿಯ ಓಡಾಟದಿಂದ ಮೈಗೆ ಎರಡು ಮೂರು ಡಿಗ್ರಿ ತಂಪು ಅನಿಸುತ್ತದೆ. ಫ್ಯಾನ್ ಕೋಣೆಯನ್ನು ತಣ್ಣಗೆ ಮಾಡುವುದಿಲ್ಲ, ನಿಮ್ಮನ್ನು ಮಾಡುತ್ತದೆ. ಹಾಗಾಗಿ ಹೊರಗೆ ಹೋಗುವಾಗ ಆಫ್ ಮಾಡಿ.

ಆಗಲೇ ಕೊಂಡುಬಿಟ್ಟಿದ್ದೇನೆ. ಈಗೇನು ಮಾಡಲಿ?

ಬಿಸಾಕಬೇಡಿ. ಅದರೊಳಗೆ ನಿಮಗೆ ಕೆಲಸಕ್ಕೆ ಬರುವ ಒಂದು ಮಾಹಿತಿ ಇದೆ. ದಿನಕ್ಕೆ ಯಂತ್ರ ಎಷ್ಟು ಹೊತ್ತು, ಎಷ್ಟು ಸಲ ಓಡಿತು ಅನ್ನುವ ದಾಖಲೆ. ಗಂಟೆಗೆ ಆರೇಳು ಸಲ ಶುರುವಾಗಿ ನಿಲ್ಲುತ್ತಿದ್ದರೆ ಯಂತ್ರ ದೊಡ್ಡದಾಗಿರಬಹುದು, ಇಲ್ಲ ಡಬ್ಬಿ ತಪ್ಪು ಜಾಗದಲ್ಲಿರಬಹುದು. ಕಡು ಬಿಸಿಲಿನ ದಿನವಲ್ಲದಿದ್ದರೂ ನಿಲ್ಲದೇ ಓಡಿ, ಇಟ್ಟ ಡಿಗ್ರಿ ಮುಟ್ಟದಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲ ಯಂತ್ರಕ್ಕೆ ಸುಸ್ತಾಗಿದೆ. ಇನ್ವರ್ಟರ್ ಯಂತ್ರ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ಸದಾ ಓಡುತ್ತಿರುವುದೇ ಸರಿ.

ಇನ್ನೊಂದು ಕೆಲಸ. ತಾಪ ಮತ್ತು ತೇವ ಎರಡನ್ನೂ ತೋರಿಸುವ ಎರಡು ಸಣ್ಣ ಮೀಟರ್ ತನ್ನಿ. ಒಂದನ್ನು ನೀವು ಮಲಗುವ ಜಾಗದಲ್ಲಿ, ಇನ್ನೊಂದನ್ನು ಜಾಸ್ತಿ ಹೊತ್ತು ಕೂರುವ ಜಾಗದಲ್ಲಿ ಇಡಿ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಡಿ. ಪಕ್ಕದಲ್ಲೇ ಡಬ್ಬಿ ಏನು ಹೇಳುತ್ತಿತ್ತು ಅಂತಲೂ ಬರೆಯಿರಿ. ಮೆಕ್ಯಾನಿಕ್ ಬಂದಾಗ ‘ಮೇಲಿನ ಕೋಣೆ ಯಾಕೋ ಸೆಕೆ’ ಅನ್ನುವ ಬದಲು ಆ ಹಾಳೆಯನ್ನು ಅವರ ಕೈಗೆ ಕೊಡಿ.